ಮೇಲಕ್ಕೊಂದು ಬಾಣ, ಕೆಳಕ್ಕೊಂದು ಬಾಣ

ಪಿಯುಸಿ ಮೊದಲ ವರ್ಷದ ರಸಾಯನಶಾಸ್ತ್ರದಲ್ಲಿ ಸುಣ್ಣಕಲ್ಲಿನ ಲೆಕ್ಕ ತಪ್ಪಿದ್ದಲ್ಲ. ನೂರು ಗ್ರಾಂ ಸುಣ್ಣಕಲ್ಲನ್ನು ಸುಟ್ಟರೆ ಎಷ್ಟು ಸುಣ್ಣ ಉಳಿಯುತ್ತದೆ, ಎಷ್ಟು ಲೀಟರ್ ಅನಿಲ ಹೊರಡುತ್ತದೆ? ಸುಣ್ಣ 56 ಗ್ರಾಂ, ಇಂಗಾಲದ ಡೈಆಕ್ಸೈಡ್ 44 ಗ್ರಾಂ; ಸೊನ್ನೆ ಡಿಗ್ರಿ ಉಷ್ಣತೆ, ಒಂದು ವಾಯುಭಾರದ ಒತ್ತಡದಲ್ಲಿ 22.4 ಲೀಟರ್. ಸಮೀಕರಣದ ಬಲಗಡೆ ಅನಿಲದ ಪಕ್ಕದಲ್ಲಿ ಮೇಲ್ಮುಖದ ಒಂದು ಪುಟ್ಟ ಬಾಣ ಹಾಕಬೇಕೆಂದು ಮೇಷ್ಟ್ರು ಕಲಿಸುತ್ತಾರೆ. ದ್ರಾವಣದ ತಳಕ್ಕೆ ಕೂರುವ ಪ್ರಕ್ಷೇಪವಾದರೆ ಕೆಳಮುಖದ ಬಾಣ. ಹಾಕದಿದ್ದರೆ ಅರ್ಧ ಅಂಕಕ್ಕೆ ಕತ್ತರಿ. ಬಾಣ ಹಾಕಿಯಾದ ಮೇಲೆ ಆ ವಸ್ತು ಎಲ್ಲಿಗೆ ಹೋಯಿತೆಂದು ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ.

ದಾಂಡೇಲಿಯಲ್ಲಿ ಅದನ್ನು ಕೇಳದೆ ಇರಲಾಗುವುದಿಲ್ಲ. ಏಕೆಂದರೆ ಕಾಳಿ ಕಣಿವೆಯ ಕಳೆದ ಅರುವತ್ತು ಎಪ್ಪತ್ತು ವರ್ಷಗಳ ಚರಿತ್ರೆಯಲ್ಲಿ ದೊಡ್ಡ ಪಾಲು ಈ ಬಾಣಗಳ ಚರಿತ್ರೆಯೇ. ಹಳಿಯಾಳ, ಜೋಯಿಡಾ, ಮುಂಡಗೋಡದ ಹುಡುಗ ಹುಡುಗಿಯರು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಇದ್ದಕ್ಕಿದ್ದಂತೆ ಇಂಗ್ಲಿಷಿನಲ್ಲಿ ಎದುರಾಗುವ ಮೋಲ್, ಅನಿಲ ನಿಯಮ, ಆವರ್ತ ಕೋಷ್ಟಕಗಳನ್ನು ಉರು ಹೊಡೆಯುತ್ತಾರೆ. ಪುಸ್ತಕದ ಉದಾಹರಣೆಗಳೆಲ್ಲ ಎಲ್ಲಿಯವೋ. ಅವರ ಊರಿನ ಗಾಳಿ, ನೀರು, ಬಿದಿರು ಅದೇ ಲೆಕ್ಕಗಳನ್ನು ಟನ್ನುಗಟ್ಟಲೆ ಮಾಡಿ ಮುಗಿಸಿವೆ.

ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಂಪನಿ 1955ರಲ್ಲಿ ನೋಂದಣಿಯಾದಾಗ ಉತ್ತರ ಕನ್ನಡ ಜಿಲ್ಲೆ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು. 1959ರಲ್ಲಿ ಕಾರ್ಖಾನೆಯಿಂದ ಕಾಗದ ಹೊರಬರತೊಡಗಿತು. ಅಂದರೆ ಒಂದು ರಾಜ್ಯದಲ್ಲಿ ಹುಟ್ಟಿದ ಕಂಪನಿ ಇನ್ನೊಂದು ರಾಜ್ಯದ ಬಿದಿರಿನಲ್ಲಿ ಕೆಲಸ ಶುರುಮಾಡಿತು. ಆ ಹೊತ್ತಿಗೆ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಗೆ ಎರಡು ದಶಕ ತುಂಬಿತ್ತು. ದಾಂಡೇಲಿಯಲ್ಲಿ ಬೇಕಾದದ್ದು ಮೂರೂ ಒಟ್ಟಿಗಿದ್ದವು: ಸುತ್ತ ಬಿದಿರು, ಪಕ್ಕದಲ್ಲಿ ಕಾಳಿ, ಅಳ್ನಾವರಕ್ಕೆ ಹೋಗುವ ರೈಲು ಹಾದಿ.

ಬಿದಿರಿಗೂ ಕ್ಷಾರಕ್ಕೂ ಈ ಕಡೆಯವರಿಗೂ ಅದಕ್ಕಿಂತ ಹಳೆಯ ಪರಿಚಯವಿದೆ. ಮಳೆಗಾಲದ ಕಳಲೆಯನ್ನು ಹೆಚ್ಚಿ, ದಿನಾ ನೀರು ಬದಲಿಸಿ ಎರಡು ಮೂರು ದಿನ ನೆನೆಹಾಕದೆ ಯಾರೂ ಪಲ್ಯಕ್ಕೆ ಹಾಕುವುದಿಲ್ಲ. ಎಳೆ ಬಿದಿರಿನಲ್ಲಿರುವ ಒಂದು ವಸ್ತು ಹೆಚ್ಚಿದೊಡನೆ ಒಡೆದು ಹೈಡ್ರೋಜನ್ ಸಯನೈಡ್ ಬಿಡುತ್ತದೆ. ಅದು ಕುದಿಯುವುದು ಸುಮಾರು 26 ಡಿಗ್ರಿಯಲ್ಲಿ. ಅಷ್ಟಿಷ್ಟು ನೀರಿನಲ್ಲಿ ಹೋಗುತ್ತದೆ, ಉಳಿದದ್ದು ಬೇಯಿಸುವಾಗ ಹಾರಿಹೋಗುತ್ತದೆ. ಅಡುಗೆಮನೆಯಲ್ಲಿ ಮೇಲ್ಮುಖದ ಬಾಣದ ಅರ್ಥ ಗೊತ್ತಿದ್ದವರು ಬಹಳ ಜನ. ಹಾಗೆಯೇ ಬೂದಿ ನೀರು. ಒಲೆಯ ಬೂದಿಯನ್ನು ನೀರಿನಲ್ಲಿ ಕದಡಿ ತಿಳಿ ಬಸಿದರೆ ಸಿಗುವುದು ಪೊಟ್ಯಾಸಿಯಂ ಕಾರ್ಬೊನೇಟ್. ಬಯಲುಸೀಮೆಯ ಅಗಸರು ಬಟ್ಟೆಗೆ ಬಳಸುತ್ತಿದ್ದ ಚೌಳು ಮಣ್ಣಿನಲ್ಲಿರುವುದು ಸೋಡಿಯಂ ಕಾರ್ಬೊನೇಟ್. ಒಂದು ಮರದಿಂದ, ಇನ್ನೊಂದು ಮಣ್ಣಿನಿಂದ, ಆದರೆ ಕೊಳೆ ತೆಗೆಯುವ ಗುಣ ಒಂದೇ. ಹಂಫ್ರಿ ಡೇವಿ 1807ರಲ್ಲಿ ವಿದ್ಯುತ್ ಹಾಯಿಸಿ ಈ ಎರಡರ ಒಡಲಿನ ಲೋಹಗಳನ್ನೂ ಒಂದರ ಬೆನ್ನಿಗೊಂದು ಬಿಡಿಸಿ ತೆಗೆದ. ಅರುವತ್ತೆರಡು ವರ್ಷಗಳ ಮೇಲೆ ಮೆಂಡಲೀಫ್ ಅವೆರಡನ್ನೂ ಒಂದೇ ಕುಟುಂಬದಲ್ಲಿ ಕೂರಿಸಿದ. ಅಗಸರ ಕೈಗೆ ಆ ನೆಂಟಸ್ತನ ಮೊದಲೇ ತಿಳಿದಿತ್ತು.

ಕಾಗದದ ಕೆಲಸವೂ ಮೂಲತಃ ಬಟ್ಟೆ ಒಗೆಯುವ ಕೆಲಸವೇ, ತುಸು ಉಗ್ರ ರೂಪದಲ್ಲಿ. ಬಿದಿರಿನ ನಾರಿಗೆ ಸೆಲ್ಯುಲೋಸ್ ಎಂದು ಹೆಸರು. ನಾರುಗಳನ್ನು ಹಿಡಿದಿಟ್ಟ ಅಂಟು ಲಿಗ್ನಿನ್. ಅಂಟನ್ನು ಕರಗಿಸಿ ನಾರನ್ನು ಉಳಿಸಬೇಕು. ಬರೀ ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ನಾರೂ ಸವೆಯುತ್ತದೆ. 1879ರಲ್ಲಿ ಡಾನ್‌ಜಿಗ್ ನಗರದಲ್ಲಿ ಕಾರ್ಲ್ ಡಾಲ್ ಎಂಬಾತ ಕಳೆದುಹೋದ ಕ್ಷಾರವನ್ನು ತುಂಬಲು ದುಬಾರಿ ಸೋಡಾದ ಬದಲು ಅಗ್ಗದ ಸೋಡಿಯಂ ಸಲ್ಫೇಟ್ ಬಳಸಿದ. ಕುಲುಮೆಯಲ್ಲಿ ಅದು ಸಲ್ಫೈಡ್ ಆಯಿತು. ಗಂಧಕ ಸೇರಿದ ಆ ದ್ರಾವಣದಲ್ಲಿ ಬೆಂದ ತಿರುಳಿನ ಕಾಗದ ವಿಪರೀತ ಗಟ್ಟಿ. ಜರ್ಮನ್ ಭಾಷೆಯಲ್ಲಿ ಶಕ್ತಿಗೆ ‘ಕ್ರಾಫ್ಟ್’ ಎನ್ನುತ್ತಾರೆ. ವಿಧಾನಕ್ಕೂ ಅದೇ ಹೆಸರು ನಿಂತಿತು. ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ವಿಲಿಯಂ ರೇಯ್ಟ್ ವರ್ಷಗಟ್ಟಲೆ ಕೂತು ನಮ್ಮ ಬಿದಿರನ್ನು ಬೇಯಿಸುವ ಬಗೆ ಕಂಡುಕೊಂಡ. 1925ರಲ್ಲಿ ಬಿದಿರು ಕಾಗದ ಉದ್ದಿಮೆಗೆ ರಕ್ಷಣೆ ಕೊಡುವ ಕಾಯಿದೆಯೇ ಬಂತು. ದಾಂಡೇಲಿಯ ಹಿಂದೆ ಇಷ್ಟು ದೂರದ ದಾರಿಯಿದೆ.

ಈಗ ಲೆಕ್ಕಕ್ಕೆ ಬರೋಣ. ಕ್ರಾಫ್ಟ್ ವಿಧಾನದಲ್ಲಿ ಒಣ ಬಿದಿರಿನ ಅರ್ಧಕ್ಕಿಂತ ತುಸು ಹೆಚ್ಚೇ ಕರಗಿ ಕಪ್ಪು ದ್ರಾವಣವಾಗುತ್ತದೆ. ಅದನ್ನು ಚೆಲ್ಲಿದರೆ ಸೋಡಿಯಂ ಎಲ್ಲ ಹೋಯಿತು, ಕಾರ್ಖಾನೆ ಮುಳುಗಿತು. ಆದ್ದರಿಂದ ಅದನ್ನು ಇಂಗಿಸಿ, ಸುಟ್ಟು, ತಳದಲ್ಲಿ ಉಳಿದ ಕರಗುಪ್ಪನ್ನು ನೀರಿಗೆ ಹಾಕಿ ಸೋಡಿಯಂ ಕಾರ್ಬೊನೇಟ್ ಪಡೆಯುತ್ತಾರೆ. ಅದಕ್ಕೆ ಅರಳಿದ ಸುಣ್ಣ ಸೇರಿಸಿದರೆ ಕಾಸ್ಟಿಕ್ ಸೋಡಾ ಮತ್ತೆ ಕೈಗೆ ಬಂತು; ತಳದಲ್ಲಿ ಸುಣ್ಣಕಲ್ಲಿನ ಪುಡಿ, ಕೆಳಮುಖದ ಬಾಣ. 106 ಪಾಲು ಸೋಡಿಯಂ ಕಾರ್ಬೊನೇಟ್, 74 ಪಾಲು ಅರಳಿದ ಸುಣ್ಣ. ಅತ್ತ 80 ಪಾಲು ಕಾಸ್ಟಿಕ್ ಸೋಡಾ, 100 ಪಾಲು ಸುಣ್ಣಕಲ್ಲು. ಎರಡೂ ಕಡೆ 180.

ಒಂದು ಟನ್ ಕಾಸ್ಟಿಕ್ ಸೋಡಾ ಬೇಕೆಂದುಕೊಳ್ಳಿ. ಎಲ್ಲವನ್ನೂ 80ರಿಂದ ಭಾಗಿಸಿ: 1.325 ಟನ್ ಕಾರ್ಬೊನೇಟ್, 0.925 ಟನ್ ಸುಣ್ಣ. ಉಳಿಯುವ ಕೆಸರು 1.25 ಟನ್. ತಯಾರಿಸಿದ ಮಾಲಿಗಿಂತ ಉಳಿದ ಕೆಸರೇ ಹೆಚ್ಚು. ಅದನ್ನು ಮರಳಿ ಸುಟ್ಟರೆ 0.70 ಟನ್ ಸುಟ್ಟ ಸುಣ್ಣ, 0.55 ಟನ್ ಇಂಗಾಲದ ಡೈಆಕ್ಸೈಡ್. ಮೊದಲ ಪ್ಯಾರಾದ ಲೆಕ್ಕವೇ, ಗ್ರಾಂ ಇದ್ದಲ್ಲಿ ಟನ್ ಬಂತು. 550 ಕಿಲೋ ಎಂದರೆ 12,500 ಮೋಲ್, 22.4ರಿಂದ ಗುಣಿಸಿದರೆ 2,80,000 ಲೀಟರ್, ಅಂದರೆ 280 ಘನ ಮೀಟರ್. ಹತ್ತು ಮೀಟರ್ ಉದ್ದ, ಏಳು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ತರಗತಿ ಕೋಣೆಯೊಂದು ಸೂರಿನವರೆಗೆ ತುಂಬುತ್ತದೆ. ಸೊನ್ನೆ ಡಿಗ್ರಿ ದಾಂಡೇಲಿಗೆ ಎಂದೂ ಬಾರದ್ದು. 27 ಡಿಗ್ರಿಗೆ, ಎಂದರೆ 300 ಕೆಲ್ವಿನ್‌ಗೆ, ತಿದ್ದಿದರೆ ಸುಮಾರು 308 ಘನ ಮೀಟರ್. ಇಪ್ಪತ್ತೆಂಟು ಘನ ಮೀಟರಿನಷ್ಟು ಅನಿಲ ಕಿಟಕಿಯಿಂದ ಹೊರಗೆ. ಷಾರ್ಲ್‌ನ ನಿಯಮ ಇದಕ್ಕಿಂತ ಕಷ್ಟದ್ದೇನಲ್ಲ.

ಕಾಗದದ ಮೇಲೆ ಇದು ಸುತ್ತಿ ಬರುವ ಚಕ್ರ: ಸುಣ್ಣ, ಕೆಸರು, ಮತ್ತೆ ಸುಣ್ಣ. ಬಿದಿರು ಅದಕ್ಕೆ ಅಡ್ಡಗಾಲು ಹಾಕಿತು. ಬಿದಿರು ಹುಲ್ಲಿನ ಜಾತಿ. ಹುಲ್ಲಿನಂತೆ ಮಣ್ಣಿನ ಸಿಲಿಕಾವನ್ನು ಮೈಗೆ ತುಂಬಿಕೊಳ್ಳುತ್ತದೆ. ಗಿಣ್ಣಿನೊಳಗೆ ಹೆಪ್ಪುಗಟ್ಟಿದ ಅದೇ ಸಿಲಿಕಾ ಗ್ರಂಧಿಗೆ ಅಂಗಡಿಯಲ್ಲಿ ವಂಶಲೋಚನ ಎಂಬ ಹೆಸರಿನಲ್ಲಿ ಮಾರಾಟವಾಗುವುದು. ಕಪ್ಪು ದ್ರಾವಣದೊಡನೆ ಅದೂ ಹೊರಟು, ಕೊಳವೆಗಳಲ್ಲಿ ಪದರು ಕಟ್ಟಿ, ಕೊನೆಗೆ ಸುಣ್ಣದ ಕೆಸರಿನಲ್ಲಿ ಸೇರಿಕೊಳ್ಳುತ್ತದೆ. ಕೆಸರನ್ನು ಮರಳಿ ಸುಟ್ಟಷ್ಟೂ ಸಿಲಿಕಾದ ಪಾಲು ಏರುತ್ತ ಹೋಗಿ ಸುಣ್ಣ ಕೆಡುತ್ತದೆ. ಬಿದಿರು ಬೇಯಿಸಿದ ಭಾರತದ ಕಾಗದ ಕಾರ್ಖಾನೆಗಳನ್ನೆಲ್ಲ ಕಾಡಿದ ತಲೆನೋವಿದು. ಅವುಗಳ ಅಂಗಳದಲ್ಲಿ ಬಿಳಿ ಗುಡ್ಡಗಳು ಬೆಳೆಯಲು ಒಂದು ಕಾರಣವೂ ಇದೇ. ಆವರ್ತ ಕೋಷ್ಟಕದಲ್ಲಿ ಸಿಲಿಕಾನ್ ಇರುವುದು ಇಂಗಾಲದ ಮನೆಯ ಕೆಳಗಿನ ಮನೆಯಲ್ಲಿ. ಎರಡಕ್ಕೂ ನಾಲ್ಕು ಕೈ, ಎರಡೂ ಎರಡೆರಡು ಆಮ್ಲಜನಕವನ್ನು ಹಿಡಿಯುತ್ತವೆ. ಆದರೆ ಇಂಗಾಲದ್ದು ಬಿಡಿಬಿಡಿ ಅಣು, ಗಾಳಿಗೆ ಹಾರುತ್ತದೆ. ಸಿಲಿಕಾನಿನದು ಒಂದಕ್ಕೊಂದು ಹೆಣೆದುಕೊಂಡು ಬೆಣಚುಕಲ್ಲಾಗುತ್ತದೆ. ‘ಒಂದು ಗುಂಪಿನಲ್ಲಿ ಕೆಳಗೆ ಇಳಿದಂತೆ ಗುಣಗಳು ಹೇಗೆ ಬದಲಾಗುತ್ತವೆ?’ ಎಂಬ ಎರಡು ಅಂಕದ ಪ್ರಶ್ನೆಗೆ ಇದಕ್ಕಿಂತ ಭಾರವಾದ ಉತ್ತರ ನನಗೆ ಗೊತ್ತಿಲ್ಲ.

ಇಂಥದೇ ಇನ್ನೊಂದು ಜೋಡಿ ಆಮ್ಲಜನಕ ಮತ್ತು ಗಂಧಕ. ಕ್ರಾಫ್ಟ್ ಕಾರ್ಖಾನೆಯಿರುವ ಊರಿಗೆ ಹೊಸಬರು ಬಸ್ಸಿನಲ್ಲಿ ಬಂದಿಳಿಯುವ ಮೊದಲೇ ಮೂಗಿಗೆ ತಿಳಿಯುತ್ತದೆ. ಲೋಕದ ಯಾವ ಮೂಲೆಯಲ್ಲಾದರೂ ಇದು ಹೀಗೆಯೇ. ಎರಡು ಹೈಡ್ರೋಜನ್ ಜೊತೆಗೆ ಆಮ್ಲಜನಕ ಸೇರಿದರೆ ನೀರು, ನೂರು ಡಿಗ್ರಿಯಲ್ಲಿ ಕುದಿಯುತ್ತದೆ. ಆಮ್ಲಜನಕದ ಜಾಗದಲ್ಲಿ ಗಂಧಕ ಕೂತರೆ ಅಣುವಿನ ತೂಕ 18ರಿಂದ 34ಕ್ಕೆ ಏರುತ್ತದೆ. ಭಾರ ಹೆಚ್ಚಾದದ್ದರಿಂದ ಕುದಿಬಿಂದು ಮೇಲೇರಬೇಕಿತ್ತು. ಅದು ಸೊನ್ನೆಗಿಂತ ಅರುವತ್ತು ಡಿಗ್ರಿ ಕೆಳಗಿಳಿಯುತ್ತದೆ! ನೀರಿನ ಅಣುಗಳು ಒಂದರ ಕೈ ಒಂದು ಹಿಡಿದು ನಿಂತಿರುತ್ತವೆ. ಗಂಧಕಕ್ಕೆ ಆ ಹಿಡಿತವಿಲ್ಲ. ಲಿಗ್ನಿನ್‌ಗೆ ಅಂಟಿಕೊಂಡ ಮೀಥೈಲ್ ತುಣುಕನ್ನು ಸಲ್ಫೈಡ್ ಕಿತ್ತುಕೊಂಡಾಗ ಹುಟ್ಟುವ ಮೀಥೈಲ್ ಮರ್ಕಾಪ್ಟನ್‌ನ ಕಥೆಯೂ ಇದೇ. ಆಮ್ಲಜನಕದ ಮೆಥನಾಲ್ 65 ಡಿಗ್ರಿಯಲ್ಲಿ ಕುದಿದರೆ, ಗಂಧಕದ ಮರ್ಕಾಪ್ಟನ್ 6 ಡಿಗ್ರಿಯಲ್ಲೇ ಹಾರಲು ಸಿದ್ಧ. ನೂರು ಕೋಟಿಯಲ್ಲಿ ಒಂದೆರಡು ಪಾಲಿದ್ದರೂ ಮೂಗು ಅದನ್ನು ಹಿಡಿಯುತ್ತದೆ. ಮೇಲೆ ಹೇಳಿದ ತರಗತಿ ಕೋಣೆಯಲ್ಲಿ ನೂರು ಕೋಟಿಗೊಂದು ಪಾಲು ಎಂದರೆ 0.28 ಮಿಲಿಲೀಟರ್ ಅನಿಲ, ಸಣ್ಣದೊಂದು ಗುಳ್ಳೆ.

ತಿರುಳು ಬೆಂದ ಮೇಲೂ ಕಂದು ಬಣ್ಣದ್ದೇ. ಬರೆಯುವ ಕಾಗದಕ್ಕೆ ಬಿಳುಪು ಬೇಕು, ಬಿಳುಪಿಗೆ ಕ್ಲೋರಿನ್ ಬೇಕು. ಇಲ್ಲಿ ಜೋಯಿಡಾದ ಗುಡ್ಡಗಳನ್ನು ನೆನೆಯಬೇಕು. ಹಳೆಯ ಸೂಪಾ ತಾಲ್ಲೂಕಿನ ಈ ಪಟ್ಟಿಯಲ್ಲಿ ಮ್ಯಾಂಗನೀಸ್ ಗಣಿಗಾರಿಕೆ ನಡೆದಿತ್ತು. ದಾಂಡೇಲಿಯಲ್ಲಿ ಫೆರೋ ಮಿಶ್ರಲೋಹದ ಕಾರ್ಖಾನೆಯೂ ಇತ್ತು. ಮ್ಯಾಂಗನೀಸಿನ ಕಪ್ಪು ಅದಿರನ್ನು ಉಪ್ಪಿನ ಆಮ್ಲದಲ್ಲಿ ಕಾಯಿಸಿಯೇ ಸ್ವೀಡನ್ನಿನ ಶೀಲೆ 1774ರಲ್ಲಿ ಹಳದಿ ಹಸಿರಿನ ಅನಿಲವೊಂದನ್ನು ಕಂಡದ್ದು. 87 ಗ್ರಾಂ ಅದಿರಿಗೆ 71 ಗ್ರಾಂ ಅನಿಲ. ಒದ್ದೆ ಹೂವು, ಎಲೆಗಳ ಬಣ್ಣ ಅದರಲ್ಲಿ ಮಾಯವಾಗುವುದನ್ನೂ ಅವನೇ ನೋಡಿದ. 1785ರ ಹೊತ್ತಿಗೆ ಫ್ರಾನ್ಸಿನಲ್ಲಿ ಬರ್ತೊಲೆ ಅದನ್ನು ಬಟ್ಟೆ ಬಿಳಿಚಲು ಬಳಸಿದ. 1799ರಲ್ಲಿ ಸ್ಕಾಟ್ಲೆಂಡಿನ ಟೆನ್ನಂಟ್ ಅದನ್ನು ಸುಣ್ಣಕ್ಕೆ ಕುಡಿಸಿ ಬ್ಲೀಚಿಂಗ್ ಪೌಡರ್ ಮಾಡಿ ಮಾರಿದ. ತಿಂಗಳುಗಟ್ಟಲೆ ಬಯಲಿನಲ್ಲಿ ಬಿಸಿಲಿಗೆ ಹರವುತ್ತಿದ್ದ ಬಟ್ಟೆ ದಿನಗಳಲ್ಲಿ ಬೆಳ್ಳಗಾಯಿತು.

ಸಾಹಿತ್ಯದ ಓದುಗರಿಗಾಗಿ ಒಂದು ಅಡ್ಡಮಾತು. ಶೀಲೆಯ ಅನಿಲ ಮೂಲವಸ್ತು ಎಂದು ಆಗ ಯಾರೂ ಒಪ್ಪಲಿಲ್ಲ. ಎಲ್ಲ ಆಮ್ಲಗಳಿಗೂ ಒಂದೇ ತಾಯಿ, ಅದು ಇಂಥ ಅನಿಲ ಎಂದು ಲವಾಸಿಯೇ ಸಾರಿ, ಅದಕ್ಕೆ ಗ್ರೀಕಿನಿಂದ ‘ಆಮ್ಲವನ್ನು ಹುಟ್ಟಿಸುವುದು’ ಎಂಬ ಅರ್ಥದ ಹೆಸರಿಟ್ಟಿದ್ದ. ಹಾಗಿದ್ದರೆ ಉಪ್ಪಿನ ಆಮ್ಲದಲ್ಲೂ ಅದು ಇರಲೇಬೇಕಲ್ಲ? ಡೇವಿ ಹುಡುಕಿದ, ಕೆಂಪಗೆ ಕಾಯ್ದ ಇದ್ದಿಲನ್ನು ತಾಗಿಸಿ ನೋಡಿದ, ಆಮ್ಲಜನಕದ ಸುಳಿವೇ ಸಿಗಲಿಲ್ಲ. 1810ರಲ್ಲಿ ಆ ಹಸಿರು ಅನಿಲ ಮೂಲವಸ್ತುವೇ ಎಂದು ಘೋಷಿಸಿ ಬಣ್ಣದಿಂದಲೇ ಅದಕ್ಕೆ ಕ್ಲೋರಿನ್ ಎಂದು ಹೆಸರಿಟ್ಟ. ಲವಾಸಿಯೇನ ಸಿದ್ಧಾಂತ ಅಲ್ಲಿಗೆ ಬಿತ್ತು, ಹೆಸರು ಮಾತ್ರ ಉಳಿಯಿತು. ಕನ್ನಡದವರು ಅದನ್ನು ಅಕ್ಕರೆಯಿಂದ ‘ಆಮ್ಲಜನಕ’ ಎಂದು ತಂದುಕೊಂಡರು; ಬಿದ್ದುಹೋದ ಸಿದ್ಧಾಂತವೊಂದು ನಮ್ಮ ಪಠ್ಯಪುಸ್ತಕದಲ್ಲಿ ದಿನಾ ಉಸಿರಾಡುತ್ತಿದೆ. ಬದಲಿಸಬೇಕೆಂದು ನಾನು ಹೇಳುತ್ತಿಲ್ಲ. ಪದಗಳಿಗೂ ಪಳೆಯುಳಿಕೆಯಾಗುವ ಹಕ್ಕಿದೆ. ಆದರೆ ಹೆಸರಿನಿಂದ ಗುಣ ಊಹಿಸುವ ಕನ್ನಡ ಮಾಧ್ಯಮದ ಮಕ್ಕಳಿಗೆ ಉಪ್ಪಿನ ಆಮ್ಲದಲ್ಲಿ ಆಮ್ಲಜನಕ ಇಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡುವುದು ನ್ಯಾಯ.

ಕ್ಲೋರಿನ್ ಅಣುವಿನ ತೂಕ 71, ಗಾಳಿಯ ಸರಾಸರಿ 29. ಸುಮಾರು ಎರಡೂವರೆ ಪಟ್ಟು ಭಾರ, ಆದ್ದರಿಂದ ನೆಲ ಹಿಡಿದು ತೆವಳುತ್ತದೆ. 1915ರ ಏಪ್ರಿಲ್ 22ರಂದು ಈಪ್ರ ಬಳಿಯ ಕಂದಕಗಳಿಗೆ ಅದು ಇಳಿದದ್ದು ಈ ಭಾಗಾಕಾರದ ಬಲದಿಂದಲೇ. ಕಾರ್ಖಾನೆಗಳಿಗೆ ಕ್ಲೋರಿನ್ ಬರುವುದು ಸುಮಾರು 900 ಕಿಲೋ ಹಿಡಿಯುವ ಉಕ್ಕಿನ ಉರುಳೆಗಳಲ್ಲಿ, ದ್ರವವಾಗಿ. ಒಂದು ಉರುಳೆ ಪೂರ್ತಿ ಅನಿಲವಾದರೆ 27 ಡಿಗ್ರಿಯಲ್ಲಿ 312 ಘನ ಮೀಟರ್. ನಮ್ಮ ತರಗತಿ ಕೋಣೆಗೆ ಮತ್ತೆ ಸಾಲದು.

ತಿರುಳಿನಲ್ಲಿ ಉಳಿದ ಲಿಗ್ನಿನ್‌ಗೆ ಕ್ಲೋರಿನ್ ಅಂಟಿಕೊಂಡರೆ ಕ್ಷಾರದಲ್ಲಿ ಕರಗಿ ತೊಳೆದುಹೋಗುತ್ತದೆ. ಹೀಗೆ ತೊಳೆದುಹೋದದ್ದಕ್ಕೆ ಸಮೀಕರಣದಲ್ಲಿ ಮೇಲಿನ ಬಾಣವೂ ಇಲ್ಲ, ಕೆಳಗಿನ ಬಾಣವೂ ಇಲ್ಲ. ಅದು ನೀರಿನಲ್ಲೇ ಉಳಿಯುವಂಥದು. ಒಂದು ಟನ್ ಕಾಗದಕ್ಕೆ ಭಾರತದ ಕಾರ್ಖಾನೆಗಳು ಇನ್ನೂರು ಘನ ಮೀಟರಿಗೂ ಮಿಕ್ಕಿ ನೀರು ಬಳಸುತ್ತಿದ್ದ ಕಾಲವದು. ಆ ನೀರು ಹೋಗಬೇಕಾದದ್ದು ಹೊಳೆಗೇ.

ಡಿಗ್ಗಿಯ ಕಡೆ ಹುಟ್ಟಿ 184 ಕಿಲೋಮೀಟರ್ ಹರಿದು ಕಾರವಾರದ ಬಳಿ ಕಡಲು ಸೇರುವ ಕಾಳಿಯನ್ನು ದಾಂಡೇಲಿ ಪಕ್ಕದ ಮೌಳಂಗಿಯಲ್ಲಿ ನೋಡಬೇಕು. ರಜೆಯ ದಿನ ಜನ ಸೇರುವ ಜಾಗ. ಬಂಡೆಗಳಿಗೆ ಬಡಿದು ನೀರು ನೊರೆಗಟ್ಟುವಲ್ಲಿ ಅನಿಲಗಳ ಪಾಠವೇ ನಡೆದಿರುತ್ತದೆ: ನೀರು ಗಾಳಿಯೊಡನೆ ಬೆರೆತಷ್ಟೂ ಆಮ್ಲಜನಕ ಕರಗುತ್ತದೆ. ಹೆನ್ರಿ 1803ರಲ್ಲಿ ಇದರ ಲೆಕ್ಕ ಕೊಟ್ಟ. ಕರಗಿದರೂ ಎಷ್ಟು? 27 ಡಿಗ್ರಿಯ ಒಂದು ಲೀಟರ್ ನೀರಿಗೆ ಸುಮಾರು 8 ಮಿಲಿಗ್ರಾಂ. ಮೀನಿನ ಬಾಳೆಲ್ಲ ಅಷ್ಟರಲ್ಲೇ. ಈಗ ಆ ನೀರಿಗೆ ಬಿದಿರಿನಿಂದ ಕರಗಿದ ಸಕ್ಕರೆಯಂಥ ವಸ್ತು ಸೇರಿತೆನ್ನಿ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳಿಗೆ 180 ಗ್ರಾಂ ಗ್ಲೂಕೋಸಿಗೆ 192 ಗ್ರಾಂ ಆಮ್ಲಜನಕ ಬೇಕು. ಒಂದೇ ಒಂದು ಗ್ರಾಂ ಸಕ್ಕರೆ 133 ಲೀಟರ್ ಹೊಳೆನೀರಿನ ಆಮ್ಲಜನಕವನ್ನು ಪೂರ್ತಿ ಮುಗಿಸಬಲ್ಲದು. ಒಂದು ಚಿಟಿಕೆ ಸಕ್ಕರೆಗೆ ಒಂದು ದೊಡ್ಡ ಹಂಡೆ ನೀರು! ದಾಂಡೇಲಿಯ ಮೊಸಳೆಗಳು ಮೂಗು ಮೇಲೆತ್ತಿ ಗಾಳಿಯನ್ನೇ ಉಸಿರಾಡುತ್ತವೆ, ಅವುಗಳಿಗೆ ಈ ಲೆಕ್ಕ ತಾಗುವುದಿಲ್ಲ. ಮೀನಿಗೆ ಬೇರೆ ದಾರಿಯಿಲ್ಲ.

ನೀರಿನ ಮಾಲಿನ್ಯ ತಡೆಯುವ ಕಾಯಿದೆ ಬಂದದ್ದು 1974ರಲ್ಲಿ, ಕಾಗದ ಶುರುವಾಗಿ ಹದಿನೈದು ವರ್ಷದ ಮೇಲೆ. 1980ರ ದಶಕದ ನಡುವಿನಲ್ಲಿ ಅಮೆರಿಕದ ಕಾಗದ ಕಾರ್ಖಾನೆಗಳ ಕೆಳಗಿನ ಹೊಳೆಗಳ ಮೀನಿನಲ್ಲಿ ಡೈಆಕ್ಸಿನ್ ಎಂಬ ಘೋರ ವಿಷ ಕಂಡಿತು. ಕ್ಲೋರಿನ್ ಮತ್ತು ಲಿಗ್ನಿನ್ ಸೇರುವಲ್ಲಿ ಅದು ಹುಟ್ಟುತ್ತದೆಂದು ತಿಳಿಯಿತು. 2003ರಲ್ಲಿ ಭಾರತ ಸರ್ಕಾರ ಒಪ್ಪಿಸಿದ ಸನ್ನದಿನಂತೆ ಟನ್ ಕಾಗದಕ್ಕೆ ಹೊರಬೀಳುವ ಕ್ಲೋರಿನ್ ಅಂಟಿದ ಸಾವಯವ ವಸ್ತುವನ್ನು ಮೊದಲು ಒಂದೂವರೆ ಕಿಲೋಗೆ, ಆಮೇಲೆ ಒಂದು ಕಿಲೋಗೆ ಇಳಿಸಬೇಕಾಯಿತು. ದಾಂಡೇಲಿಯೂ ಸೇರಿದಂತೆ ದೊಡ್ಡ ಕಾರ್ಖಾನೆಗಳು ಕ್ರಮೇಣ ಬರೀ ಕ್ಲೋರಿನ್ ಬಿಟ್ಟು ಕ್ಲೋರಿನ್ ಡೈಆಕ್ಸೈಡಿಗೆ ಬಂದವು. ಇದೂ ಪಿಯುಸಿ ಲೆಕ್ಕವೇ: 71 ಗ್ರಾಂ ಕ್ಲೋರಿನ್ ಎರಡು ಮೋಲ್ ಇಲೆಕ್ಟ್ರಾನ್ ಕಸಿದರೆ, 67.5 ಗ್ರಾಂ ಕ್ಲೋರಿನ್ ಡೈಆಕ್ಸೈಡ್ ಐದು ಕಸಿಯುತ್ತದೆ. ತೂಕಕ್ಕೆ ತೂಕ ಇಟ್ಟರೆ ಎರಡೂವರೆ ಪಟ್ಟು ಮೇಲು. ಜೊತೆಗೆ ಅದು ಲಿಗ್ನಿನ್‌ಗೆ ಅಂಟುವುದಕ್ಕಿಂತ ಅದನ್ನು ಒಡೆಯುವುದೇ ಹೆಚ್ಚು. ಹಲವು ದಶಕ ತೆಗೆದುಕೊಂಡ ಈ ಬದಲಾವಣೆ ಕರಿಹಲಗೆಯ ಮೇಲೆ ಮೂರು ಸಾಲು.

ಸಮೀಕರಣದ ಎಡಗಡೆಯ ಬಗ್ಗೆ ಇಷ್ಟು ಹೊತ್ತೂ ಸುಮ್ಮನಿದ್ದೆವು. ಎಡಗಡೆ ಬಿದಿರಿದೆ. ಸರ್ಕಾರ ಅದನ್ನು ಕಾರ್ಖಾನೆಗೆ ಟನ್ನಿಗೆ ಒಂದೆರಡು ರೂಪಾಯಿಯ ದರದಲ್ಲಿ ಬಿಟ್ಟುಕೊಟ್ಟಿತ್ತು. ಬುಟ್ಟಿ, ಮೊರ ಹೆಣೆಯುವ ಮೇದಾರರು ಅದೇ ಬಿದಿರಿಗೆ ಪೇಟೆಯಲ್ಲಿ ಅದರ ನೂರಾರು ಪಟ್ಟು ಕೊಡಬೇಕಿತ್ತು. ಮುಗಿಯದಷ್ಟಿದೆ ಎಂದುಕೊಂಡ ಬಿದಿರು 1970ರ ದಶಕದ ಹೊತ್ತಿಗೆ ಕಾಣೆಯಾಗತೊಡಗಿತು, ಮೇದಾರರು ದನಿಯೆತ್ತಿದರು. ದನ ಮೇಯಿಸುವ, ಕಳಲೆ ಮುರಿಯುವ ಹಳ್ಳಿಯವರಿಂದ ಹೀಗಾಯಿತು ಎನ್ನುವ ಮಾತು ಹಬ್ಬಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಮಾಧವ ಗಾಡ್ಗೀಳ್ ಮತ್ತು ನರೇಂದ್ರ ಪ್ರಸಾದ್ ಕಾಡಿಗೇ ಬಂದು ಹಿಂಡಿಲು ಹಿಂಡಿಲು ನೋಡಿದರು. ಬಿದಿರಿನ ಬುಡದಲ್ಲಿ ಮುಳ್ಳಿನ ಹೆಣಿಗೆ ಇರುತ್ತದೆ. ಕಡಿಯಲು ಅನುಕೂಲವಾಗಲೆಂದು, ಹಿಂಡಿಲಿಗೂ ಒಳ್ಳೆಯದೆಂದು, ಕಾರ್ಖಾನೆಯ ಕಡೆಯವರು ಅದನ್ನು ಸವರುತ್ತಿದ್ದರು. ಮುಳ್ಳು ಹೋದಲ್ಲಿ ಮೊಳಕೆ ಬಯಲಿಗೆ ಬಿದ್ದು ದನಕ್ಕೂ ಕಾಡುಪ್ರಾಣಿಗೂ ಮೇವಾಗುತ್ತಿತ್ತು. ಹಳ್ಳಿಯವರು ಮುಳ್ಳು ಬಿಟ್ಟು ಮೇಲಿನಿಂದ ಕಡಿಯುತ್ತಿದ್ದರು. ಅವರು ಕಡಿದ ಹಿಂಡಿಲಿನಲ್ಲಿ ಮೊಳಕೆ ಉಳಿದಿತ್ತು.

ಈಗ ಕಾರ್ಖಾನೆಗೆ ಲಾರಿಗಳಲ್ಲಿ ಬರುವುದು ಹೆಚ್ಚಾಗಿ ಸುಬಾಬುಲ್, ಸರ್ವೆ, ನೀಲಗಿರಿಯಂಥ ನೆಟ್ಟು ಬೆಳೆಸಿದ ಮರ. ಮರದಲ್ಲಿ ಬಿದಿರಿನಷ್ಟು ಸಿಲಿಕಾ ಇಲ್ಲ. ಸುಣ್ಣದ ಕೆಸರನ್ನು ಮರಳಿ ಸುಡುವುದು ಅಷ್ಟರಮಟ್ಟಿಗೆ ಸುಲಭ: 1.25 ಟನ್ ಒಳಗೆ, 0.70 ಟನ್ ಕೈಗೆ, ಉಳಿದ 550 ಕಿಲೋ ಮೇಲ್ಮುಖದ ಬಾಣ.